ಸಡಿಲವಾದ ವೈರು

ಗೌಡರ ಹಳೇ ಕಾರೆಂದರೆ ಡ್ರೈವರ್ ಹಾಲಪ್ಪನಿಗೆ ಪ್ರಾಣ. ಗೌಡರಿಗೋ ಅದನ್ನು ಮಾರುವ ಹಟ. ಕೊಳ್ಳುವವರು ಬಂದಾಗಲೆಲ್ಲ ಹಾಲಪ್ಪ ಮೊದಲೇ ಹೋಗಿ ಬ್ಯಾಟರಿಯ ವೈರು ಸಡಿಲಿಸಿಬಿಡುತ್ತಿದ್ದ. ಕೀಲಿ ತಿರುಗಿಸಿದರೆ ಗಾಡಿ ಉಸಿರೇ ಎತ್ತುತ್ತಿರಲಿಲ್ಲ. ಬಂದವರು ಬಂದ ದಾರಿ ಹಿಡಿಯುತ್ತಿದ್ದರು.

ಕೊನೆಗೆ ಗೌಡರು ರೇಗಿದರು. "ಸತ್ತ ಗಾಡಿ ಯಾಕೆ ಬೇಕು? ಗುಜರಿಯವನು ಒಡೆದು ಒಯ್ಯಲಿ!"

ಸುತ್ತಿಗೆ ಹಿಡಿದು ಬಂದ ಗುಜರಿಯವನನ್ನು ಕಂಡದ್ದೇ ಹಾಲಪ್ಪ ಓಡಿಹೋಗಿ ವೈರು ಬಿಗಿದು ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಗಾಡಿ ಗುರುಗುಟ್ಟಿತು.

"ಭಲೇ! ಇಷ್ಟು ದಿನ ಏನಾಗಿತ್ತೋ ಇದಕ್ಕೆ?"

"ಮನೆ ಬಿಡೋಕೆ ಮನಸ್ಸಿರಲಿಲ್ಲ, ಗೌಡ್ರೇ."

ಗೌಡರು ಗಹಗಹಿಸಿ ನಕ್ಕರು. "ಸರಿ, ನಿನ್ನೆ ನೋಡಿಹೋದ ಮೇಷ್ಟ್ರಿಗೆ ಈಗಲೇ ಕೊಟ್ಟು ಬಾ."

ಹಾಲಪ್ಪ ತಾನೇ ಓಡಿಸಿಕೊಂಡು ಹೋಗಿ ಕಾರು ಒಪ್ಪಿಸಿದ. ಬರುವಾಗ ನಡೆದೇ ಬಂದ.