ಪಂಕ್ತಿಯಲ್ಲಿ ಎಡೆ ಸಿಗದ ಬಜೆ

ಲೋಕ ಹುಟ್ಟಿ ನಲವತ್ತನೆಯ ದಿನ. ಬೆಳಗ್ಗೆ ಮೋಡವಿತ್ತು, ಮಳೆ ಬರಲಿಲ್ಲ.

ಅಂದು ಹೊಳೆಯಮ್ಮ ಗಿಡಗಳನ್ನೆಲ್ಲ ದಡಕ್ಕೆ ಊಟಕ್ಕೆ ಕರೆದಿದ್ದಳು. ಒಂದೊಂದು ಮನೆತನಕ್ಕೆ ಒಂದೊಂದು ಪಂಕ್ತಿ. ಪಂಕ್ತಿಯಲ್ಲಿ ಕೂತವರಿಗೆ ಕೂತಲ್ಲೇ ನೆಲ. ಹೊತ್ತು ಮುಳುಗುವವರೆಗೂ ನಿಂತೇ ಇದ್ದವರಿಗೆ ನೆಲವಿಲ್ಲ, ಒಣಗಿಹೋಗಬೇಕು.

ಬಜೆ ತಡವಾಗಿ ಬಂತು. ತನ್ನ ಹಾಗೇ ಉದ್ದನೆಯ ಎಲೆಯವರನ್ನು ಕಂಡು, ಹುಲ್ಲಿನ ಪಂಕ್ತಿಯಲ್ಲಿ ಕೂತುಬಿಟ್ಟಿತು.

ಪಕ್ಕದ ಗರಿಕೆಯಜ್ಜ ಮೂಗು ಹಿಡಿದುಕೊಂಡ. "ಯಾರ ಪೈಕಿಯಪ್ಪ ನೀನು? ಎಲೆಯೇನೋ ನಮ್ಮದೇ. ಈ ಘಾಟು ನಮ್ಮ ಮನೆಯದಲ್ಲ. ಏಳು."

ಬಜೆ ಎದ್ದು ಕೆಸುವಿನ ಪಂಕ್ತಿಗೆ ಹೋಯಿತು. "ನೋಡಿ ಅತ್ತೆ, ನನಗೂ ನಿಮ್ಮ ಹಾಗೇ ದಿಂಡಿನಂಥ ಹೂವಿದೆ."

"ಹೂವಿದ್ದರಾಯಿತೇ?" ಎಂದಳು ಕೆಸುವತ್ತೆ. "ನಮ್ಮ ಹೂವಿಗೆ ತಲೆಯ ಮೇಲೆ ಸೆರಗಿದೆ. ನಿನ್ನದು ಬೋಳು. ನಾಲಿಗೆಗೆ ತುರಿಕೆಯಾದರೂ ಹತ್ತಿಸುತ್ತೀಯೇನು?"

"ಇಲ್ಲ, ಅತ್ತೆ."

"ತುರಿಸದ ಕೆಸುವಂತೆ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಹೊತ್ತು ಇಳಿಯಿತು. ಬಜೆಯ ಎಲೆಯ ತುದಿ ಆಗಲೇ ಬಾಡಿತ್ತು.

ಆಗ ದಡದ ಮೇಲಿನ ಮನೆಯ ಹೆಂಗಸು ಬಾಳವ್ವ ನೀರಿಗೆ ಬಂದಳು. ಸೊಂಟದ ಮೇಲಿನ ಕೂಸು ಒಂದೇ ಸಮನೆ ಅಳುತ್ತಿತ್ತು. ಅವಳು ಬಗ್ಗಿದಾಗ ಅದು ಬಜೆಯ ಬೇರನ್ನು ಹಿಡಿದು ಮೂಸಿತು, ಸುಮ್ಮನಾಯಿತು.

"ಹೊಳೆಯವ್ವಾ, ಇದು ಯಾರ ಮನೆಯದು?"

"ಯಾರದ್ದೂ ಅಲ್ಲ."

"ಹಾಗಾದರೆ ನನಗಿರಲಿ. ನನ್ನ ಬಚ್ಚಲ ನೀರು ಸುಮ್ಮನೆ ಹರಿದು ಹೋಗುತ್ತೆ."

ಪಂಕ್ತಿಯಿಲ್ಲದೆ ನೆಲ ಕೊಡುವುದಕ್ಕೆ ಬದಲಾಗಿ ಹೊಳೆಯಮ್ಮ ಬಜೆಯ ಕಿವಿಯಲ್ಲಿ ಏನೋ ಒಂದನ್ನು ಕೇಳಿದಳು. ಬಜೆ ತನ್ನ ದಿಂಡನ್ನೊಮ್ಮೆ ನೋಡಿಕೊಂಡಿತು. ಆಮೇಲೆ "ಆಗಲಿ" ಎಂದಿತು.

ಬಾಳವ್ವ ಬೇರಿನ ತುಂಡೊಂದನ್ನು ನೂಲಿಗೆ ಪೋಣಿಸಿ ಕೂಸಿನ ಕೈಗೆ ಕಟ್ಟಿದಳು. ಉಳಿದದ್ದನ್ನು ಬಚ್ಚಲ ಹಿಂದೆ ನೆಟ್ಟಳು. ನೆರೆಯವಳು ಕೇಳಿದಾಗ ಒಂದು ಗೆಣ್ಣು ಮುರಿದು ಕೊಟ್ಟಳು. ಮಗಳು ಗಂಡನ ಮನೆಗೆ ಹೊರಟಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಗೆಣ್ಣು ಕಟ್ಟಿಕೊಟ್ಟಳು. ಹೀಗೆ ಕೈಯಿಂದ ಕೈಗೆ, ಕೆಸರಿನಿಂದ ಕೆಸರಿಗೆ ಬಜೆ ಘಟ್ಟ ದಾಟಿತು, ಕಡಲನ್ನೂ ದಾಟಿತು.

ಎಷ್ಟೋ ಮಳೆಗಾಲ ಕಳೆದ ಮೇಲೆ ಕೆಸುವತ್ತೆಯೂ ಒಂದು ಬಚ್ಚಲ ಹಿಂದೆ ಬಂದು ಬೇರೂರಿದಳು. ಪಕ್ಕದಲ್ಲಿ ನೋಡಿದರೆ ಬಜೆ.

"ಎಲ್ಲಿ ಹೋದರೂ ನೀನೇ ಇದ್ದೀಯಲ್ಲೋ! ಹೊಳೆಯಮ್ಮನಿಗೆ ಏನು ಕೊಟ್ಟೆ?"

"ಬೀಜ ಕೊಟ್ಟೆ, ಅತ್ತೆ. ಪಂಕ್ತಿಯವರ ಬೀಜವನ್ನು ಗಾಳಿ ಒಯ್ಯುತ್ತದೆ, ನೀರು ಒಯ್ಯುತ್ತದೆ. ನಾನು ಯಾರಾದರೂ ಕರೆದುಕೊಂಡು ಹೋದರಷ್ಟೇ ಹೋಗುವವನು."

ಅದಕ್ಕೇ ಇಂದಿಗೂ, ನಮ್ಮ ಬಚ್ಚಲ ಹಿಂದಿನ ಬಜೆಯ ಹೂ ಬಾಡಿದ ಮೇಲೆ ನೀನು ಅದರ ದಿಂಡನ್ನು ಎಷ್ಟು ಬಿಡಿಸಿ ನೋಡಿದರೂ ಒಳಗೆ ಒಂದು ಬೀಜವೂ ಇರುವುದಿಲ್ಲ.