ಮರಳಿನ ಮಗಳು ಒಗ್ಗರಣೆ ಹಿಡಿದುಕೊಂಡದ್ದು

ಲೋಕ ಆಗಿನ್ನೂ ಹಸಿ. ಬೆಟ್ಟಕ್ಕೆ ಕೂತ ಜಾಗ ಒಗ್ಗಿರಲಿಲ್ಲ. ಹೊಳೆಗೆ ದಾರಿ ಗೊತ್ತಿರಲಿಲ್ಲ, ಕಂಡವರನ್ನು ಕೇಳಿಕೊಂಡು ಹರಿಯುತ್ತಿತ್ತು. ಆಗ ಎಲ್ಲದಕ್ಕೂ ಬಾಯಿತ್ತು. ಹೊಳೆ ಮಾತಾಡುತ್ತಿತ್ತು. ಗಾಳಿ ಮಾತಾಡುತ್ತಿತ್ತು. ದಂಡೆಯ ಮರಳೂ ಮಾತಾಡುತ್ತಿತ್ತು.

ಆ ದಂಡೆಯಲ್ಲಿ ಈರಮ್ಮ ಅನ್ನುವವಳು ಒಲೆ ಹೂಡಿದಳು. ಅವಳ ಗಂಡ ದ್ಯಾವಣ್ಣ. ಮಗಳು ನಿಂಗಿ, ಇನ್ನೂ ಮಾತು ಕಲಿಯುತ್ತಿದ್ದ ಕೂಸು.

ಈರಮ್ಮನ ಮರದ ಸೌಟು ಬೆಂಕಿಗೆ ಸೀದು ಹೋಗುತ್ತಿತ್ತು. ಕಬ್ಬಿಣದ ಸೌಟು ಗಡಿಗೆಯ ತಳ ಕೆರೆಯುತ್ತಿತ್ತು. ಅವಳು ಹೋಗಿ ಮರಳಿನ ಹತ್ತಿರ ಕೂತಳು.

“ಮರಳಮ್ಮ, ಸೀಯದೇ ಇರೋ, ಕೆರೀದೇ ಇರೋ ಒಂದು ಸೌಟು ಬೇಕಿತ್ತು.”

“ಬಿಸಿಗೆ ನಾನು ಹೆದರಲ್ಲ. ಆದರೆ ನಾನು ಒರಟು ಕಣವ್ವ,” ಅಂದಿತು ಮರಳು. “ನನ್ನ ಮಗಳೊಬ್ಬಳಿದ್ದಾಳೆ, ಮೆತ್ತಗಿದ್ದಾಳೆ. ಕರಕೊಂಡು ಹೋಗು. ನಿನ್ನ ಮಗಳ ಹಾಗೆ ನೋಡ್ಕೊ.”

ಮರಳಿನ ಮಗಳು ಈರಮ್ಮನ ಮನೆಗೆ ಸೌಟಾಗಿ ಬಂದಳು. ಬಗ್ಗಿಸಿದರೆ ಬಗ್ಗುವಳು, ಬಿಟ್ಟರೆ ನೆಟ್ಟಗಾಗುವಳು. ಕುದಿಯುವ ಸಾರಿಗೆ ಹೆದರಳು. ಗಡಿಗೆಯ ತಳವನ್ನು ಕೂಸಿನ ಬೆನ್ನು ಸವರಿದ ಹಾಗೆ ಸವರುವಳು. ಈಗ ಅಂಗಡಿಯಲ್ಲಿ ಸಿಲಿಕೋನ್ ಸೌಟು ಅಂತ ಮಾರುತ್ತಾರಲ್ಲ, ಮರಳಿನಿಂದಲೇ ಹುಟ್ಟುವಂಥವು, ಅವುಗಳ ಮೂಲಜ್ಜಿ ಅವಳೇ.

ಈರಮ್ಮ ಬೆಳಗ್ಗೆ ಅವಳಿಂದ ನಿಂಗಿಯ ರಾಗಿ ಗಂಜಿ ತಿರುವುವಳು. ಮಧ್ಯಾಹ್ನ ಅವಳಿಂದಲೇ ಬೆಳ್ಳುಳ್ಳಿ ಒಗ್ಗರಣೆ ಆಡಿಸುವಳು. ಊಟವಾದ ಮೇಲೆ ಏನೋ ಮಾಡಿ ತೊಳೆದಿಡುವಳು. ಏನು ಮಾಡುತ್ತಿದ್ದಳೋ, ದ್ಯಾವಣ್ಣ ನೋಡಿರಲಿಲ್ಲ. ಅವನಿಗೆ ಉಂಡು ಏಳುವುದು ಗೊತ್ತಿತ್ತು.

ಒಂದು ಮಳೆಗಾಲ ಈರಮ್ಮನಿಗೆ ಜ್ವರ ಬಂತು. ಹೋಗಿಬಿಟ್ಟಳು.

ಒಲೆ ಆರಿತು. ಆಮೇಲೆ ದ್ಯಾವಣ್ಣನೇ ಹೊತ್ತಿಸಿದ. ಕೂಸಿಗೆ ಹಸಿವಾಗುತ್ತದಲ್ಲ.

ಗಂಜಿ ಕಾಯಿಸಿದ. ಮರಳಿನ ಮಗಳಿಂದ ತಿರುವಿದ. ನಿಂಗಿ ಒಂದು ಗುಟುಕು ಬಾಯಿಗೆ ತಗೊಂಡು ಉಗಿದಳು.

“ಖಾರ,” ಅಂದಳು.

“ಖಾರ ಇಲ್ಲ ಕಣವ್ವ. ಬೆಲ್ಲ ಹಾಕಿದೀನಿ.”

“ಖಾರ.” ಬಾಯಿ ಬಿಗಿ ಮುಚ್ಚಿದಳು.

ದ್ಯಾವಣ್ಣ ಸೌಟನ್ನು ಮೂಗಿಗೆ ಹಿಡಿದ. ಬೆಳ್ಳುಳ್ಳಿ ಒಗ್ಗರಣೆಯ ಘಾಟು. ಅವನು ಒಗ್ಗರಣೆ ಹಾಕಿರಲಿಲ್ಲ. ಅದು ಈರಮ್ಮ ಹಾಕಿದ್ದು. ಗಂಜಿ ತಣ್ಣಗಾಗುವವರೆಗೂ ಅವನು ಸೌಟನ್ನು ಕೆಳಗಿಡಲಿಲ್ಲ.

ಮರುದಿನ ಕಬ್ಬಿಣದ ಸೌಟು ತಗೊಂಡ. ಗಡಿಗೆಯ ತಳ ಕಿತ್ತು ಗಂಜಿಯೆಲ್ಲ ಒಲೆಗೆ ಸುರಿಯಿತು. ಉಳಿದದ್ದು ಒಂದೇ ಗಡಿಗೆ. ಮತ್ತೆ ಮರಳಿನ ಮಗಳನ್ನೇ ಹಿಡಿದ. ನಿಂಗಿ ಮತ್ತೆ ಉಗಿದಳು. ಕೂಸಿನ ಕೆನ್ನೆ ಇಳಿಯತೊಡಗಿತು.

ಸೌಟು ಹಿಡಿದು, ಕೂಸನ್ನು ಎತ್ತಿಕೊಂಡು ಹೊಳೆಗೆ ಹೋದ.

“ಏನ್ ದ್ಯಾವಣ್ಣ,” ಅಂದಿತು ಹೊಳೆ. “ಈಜೋಕೆ ಬಂದ್ಯೋ, ಪಾತ್ರೆ ತೊಳೆಯೋಕೋ? ಪಾತ್ರೆ ಹಿಡ್ಕೊಂಡು ನೀನು ಈ ಕಡೆ ಬಂದಿದ್ದು ನಾನು ಕಂಡಿಲ್ಲ.”

“ತಮಾಷೆ ಬೇಡ ಕಣೆ ತಾಯಿ.”

ಅವನಿಗೆ ಗೊತ್ತಿದ್ದದ್ದು ಒಂದೇ. ಹೆಂಗಸರು ಕಂಚಿನ ಪಾತ್ರೆಗೆ ಮರಳು ಹಾಕಿ, ತೆಂಗಿನ ನಾರಿನಲ್ಲಿ ಉಜ್ಜುತ್ತಾರೆ. ಅವನೂ ಒಂದು ಹಿಡಿ ಮರಳು ತಗೊಂಡ. ನಾರು ಸುತ್ತಿದ. ಉಜ್ಜಿದ. ತೋಳು ಸೋಲುವವರೆಗೂ ಉಜ್ಜಿದ.

ಗಾಳಿ ಬಗ್ಗಿ ಮೂಸಿತು. “ಬೆಳ್ಳುಳ್ಳಿ ಇದ್ದಲ್ಲೇ ಇದೆ. ಮೈಯೆಲ್ಲ ಗೀರು ಬಿತ್ತು ನೋಡು, ಇನ್ನು ಎಣ್ಣೆ ಗೀರಿನೊಳಗೆ ಕೂರುತ್ತೆ. ಅಮ್ಮನ್ನ ತಗೊಂಡು ಮಗಳನ್ನ ಉಜ್ಜೋರುಂಟೇನಯ್ಯ?”

ದ್ಯಾವಣ್ಣ ಕೈ ನಿಲ್ಲಿಸಿದ. ಸೌಟನ್ನು ತೊಡೆಯ ಮೇಲಿಟ್ಟುಕೊಂಡ.

“ಯಾಕವ್ವ ಬಿಡಲ್ಲ ಅಂತೀಯ?”

ಅದುವರೆಗೂ ಮಾತಾಡದ ಮರಳಿನ ಮಗಳು ಈಗ ಬಾಯಿ ಬಿಟ್ಟಳು. “ಬಿಟ್ಟರೆ ನನ್ನ ಹತ್ರ ಏನುಳಿಯುತ್ತೆ? ಈರಮ್ಮನ ಕೊನೇ ಒಗ್ಗರಣೆ ಇದು. ನೀನೂ ದಿನಾ ಮೂಗಿಗಿಟ್ಕೊಂಡು ಕೂರ್ತೀಯಲ್ಲ, ನನಗೆ ಗೊತ್ತಾಗಲ್ವ?”

ದ್ಯಾವಣ್ಣ ನೀರಿನ ಕಡೆ ನೋಡುತ್ತಾ ಅಂದ,

“ಅವಳಿದ್ದಾಗ ನೀನು ದಿನಾ ಬಿಡ್ತಿದ್ದೆಯಲ್ಲ.”

“ಆಗ ನಾಳೆಗೆ ಇನ್ನೊಂದು ಒಗ್ಗರಣೆ ಇರ್ತಿತ್ತು.”

ನಿಂಗಿ ದಂಡೆಯ ಮೇಲೆ ಮಲಗಿದ್ದಳು. ಅಳುತ್ತಿರಲಿಲ್ಲ. ಅಳುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ.

ದ್ಯಾವಣ್ಣ ಮೆಲ್ಲಗೆ ಅಂದ, “ಅವಳನ್ನ ಬಿಡಲ್ಲ ಅಂತ ಹಿಡ್ಕೊಂಡು, ಅವಳ ಕೂಸನ್ನ ಉಪವಾಸ ಕೆಡವಿದೀವಿ ಕಣವ್ವ. ನೀನೂ, ನಾನೂ.”

ಮರಳಿನ ಮಗಳು ಕೂಸಿನ ಕಡೆ ತಿರುಗಿದಳು.

“ಉಜ್ಜಬೇಡ,” ಅಂದಳು. “ಉಜ್ಜಿದಷ್ಟೂ ನಾನು ಬಿಗಿಯಾಗಿ ಹಿಡ್ಕೋತೀನಿ. ಅವಳು ನನ್ನ ಬೆಚ್ಚಗೆ ಮಾಡ್ತಿದ್ದಳು. ಬೆಚ್ಚಗಾದರೆ ನನ್ನ ಮುಷ್ಟಿ ತಾನಾಗೇ ಸಡಿಲ ಆಗುತ್ತೆ. ಉರಿಗೆ ಮಾತ್ರ ಹಿಡೀಬೇಡ. ನೀರಿಗೆ ಹಾಕು.”

ಅವಳು ಹೇಳುತ್ತಾ ಹೋದಳು. ಅವನು ಮಾಡುತ್ತಾ ಹೋದ. ನೀರು ಕುದಿಸಿದ. ಬಟ್ಟೆ ಒಗೆಯುವವರು ಕೆರೆದು ತರುವ ಚೌಳು ಮಣ್ಣು ಒಂದು ಹಿಡಿ ಹಾಕಿದ. ಸೌಟನ್ನು ಮುಳುಗಿಸಿ ಪಕ್ಕದಲ್ಲಿ ಕೂತ.

“ಆಯ್ತಾ?” ಅಂತ ಕೇಳಿದ.

“ಈಗ ತಾನೇ ಹಾಕಿದೀಯ. ಈರಮ್ಮ ಹೇಳ್ತಿದ್ದಳು, ನಿನಗೆ ಅನ್ನ ಬೇಯೋವರೆಗೂ ತಾಳ್ಮೆ ಇಲ್ಲ ಅಂತ.”

ದ್ಯಾವಣ್ಣನಿಗೆ ನಗು ಬಂತು. ಅವಳು ಹೋದ ಮೇಲೆ ಬಂದ ಮೊದಲ ನಗು.

ನೀರಿನ ಮೇಲೆ ಎಣ್ಣೆ ಸಣ್ಣ ಸಣ್ಣ ಹಳದಿ ಕಣ್ಣು ಬಿಟ್ಟುಕೊಂಡು ಎದ್ದು ಬಂತು. ನೀರು ಆರಿದ ಮೇಲೆ ಸೌಟು ತೆಗೆದ. ಈರಮ್ಮನ ಹಳೇ ಸೀರೆಯ ಚೂರಿನಲ್ಲಿ ಒತ್ತಿ ಒರೆಸಿದ. ಬಿಸಿಲು ಬೀಳುವ ಬಂಡೆಯ ಮೇಲಿಟ್ಟ.

ಬಿಸಿಲಿಗೆ ಮರಳಿನ ಮಗಳ ಮೈ ಕಾಯಿತು. ಕಾಯುತ್ತಾ ಕಾಯುತ್ತಾ ಕೊನೆಯ ವಾಸನೆ ಮೇಲೆದ್ದಿತು. ಗಾಳಿ ಬಂದು ನಿಂತಿತು.

“ಒಯ್ಯಲಾ, ದ್ಯಾವಣ್ಣ?”

ಅವನು ಒಂದು ಸಲ ಮೂಗಿನ ತುಂಬ ಎಳೆದುಕೊಂಡ. “ಮೆಲ್ಲಗೆ ಒಯ್ಯಪ್ಪ,” ಅಂದ.

ಗಾಳಿ ಮೆಲ್ಲಗೇ ಒಯ್ಯಿತು.

ಗಂಜಿ ಕಾಯಿಸಿದ. ತಿರುವಿದ. ನಿಂಗಿ ಮೊದಲು ಮೂಸಿದಳು. ಆಮೇಲೆ ಕುಡಿದಳು. ಬಟ್ಟಲು ನೆಕ್ಕಿ ಅಪ್ಪನ ಮುಂದೆ ಹಿಡಿದು, “ಇನ್ನಾ,” ಅಂದಳು.

ದಂಡೆಯ ಮರಳು ಇದನ್ನೆಲ್ಲ ನೋಡುತ್ತಾ ಬಿದ್ದುಕೊಂಡಿತ್ತು. ಮಗಳು ಕಲಿತದ್ದನ್ನು ತಾಯಿಯೂ ಕಲಿತಳು.

ಅದಕ್ಕೇ ಕಂದ, ಇವತ್ತಿಗೂ ಹೊಳೆದಂಡೆಯ ಮರಳು ಹಗಲೆಲ್ಲ ಅಂಗಾಲು ಸುಡುವಷ್ಟು ಬಿಸಿಲನ್ನು ಹಿಡಿದುಕೊಂಡು ಕತ್ತಲಾದ ಮೇಲೆ ಮೆಲ್ಲಗೆ ಬಿಟ್ಟುಕೊಡುತ್ತದೆ. ನಿಮ್ಮ ಅಡುಗೆಮನೆಯ ಸಿಲಿಕೋನ್ ಸೌಟೂ ನಿನ್ನೆಯ ಒಗ್ಗರಣೆಯನ್ನು ಅಷ್ಟೇ ಪ್ರೀತಿಯಿಂದ ಹಿಡಿದುಕೊಂಡಿರುತ್ತದೆ, ಉಜ್ಜಿದರೆ ಕೊಡುವುದಿಲ್ಲ, ಬಿಸಿನೀರಿಗೆ ಚೂರು ಅಡುಗೆ ಸೋಡ ಹಾಕಿ ಮುಳುಗಿಸಿ, ಕಿಟಕಿಯ ಬಿಸಿಲಿಗಿಟ್ಟು ಕಾದರೆ, ಕೊಡುತ್ತದೆ.