ತನ್ನಂಥದ್ದೇ ಜೊತೆ ಬೇಕೆಂದ ನೀಲಿಮೀನು

ಮಕ್ಕಳೇ, ಸಮುದ್ರ ನೋಡಿದ್ದೀರಿ ತಾನೇ? ಈ ಕತೆಯ ಸಮುದ್ರ ಅಷ್ಟು ದೊಡ್ಡದಲ್ಲ. ಒಂದು ಮೇಜಿನ ಮೇಲೆ ಹಿಡಿಸುವಷ್ಟೇ ಇತ್ತು. ಕಾರವಾರದಲ್ಲಿ ಡಾಕ್ಟರ್ ಸುಲಭಾ ಗಾಂವಕರ ಅವರ ಹಲ್ಲಿನ ದವಾಖಾನೆ. ಅಲ್ಲಿ ಕೆನ್ನೆ ಊದಿಸಿಕೊಂಡು ಕೂತವರ ಎದುರಿಗೆ ಒಂದು ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಬಿಳಿ ಮರಳು, ಒಂದು ಬಂಡೆ, ಬಂಡೆಯ ಮೇಲೆ ಅರಳಿಕೊಂಡ ಹವಳ.

ಆ ತೊಟ್ಟಿಗೆ ಮೊಟ್ಟಮೊದಲು ಬಂದವನು ನೀಲಯ್ಯ. ಹೆಬ್ಬೆರಳಿನಷ್ಟು ಉದ್ದದ ನೀಲಿ ಮೀನು. ಮೊದಲು ಬಂದವರಿಗೆ ಒಂದು ಕಾಯಿಲೆ ಇರುತ್ತದೆ, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರನ್ನು ನೋಡಿ ಬೇಕಾದರೆ. ನೀಲಯ್ಯನಿಗೂ ಅದೇ ಕಾಯಿಲೆ. ಬಂಡೆ ತನ್ನದು, ಬಂಡೆಯಲ್ಲಿದ್ದ ಒಂದೇ ಒಂದು ತೂತು ತನ್ನದು, ಸುತ್ತಲಿನ ನೀರೂ ತನ್ನದು.

ಸರಿ, ಎಲ್ಲ ತನ್ನದಾಯಿತು. ಆಮೇಲೆ ಮಾತಾಡಲು ಯಾರು? ಯಾರೂ ಇಲ್ಲ. ಬೆಳಿಗ್ಗೆ ತೂತಿನಿಂದ ಹೊರಬರುವುದು, ಬಂಡೆಗೆ ಸುತ್ತು ಹಾಕುವುದು, ಮತ್ತೆ ತೂತಿಗೆ ಹೋಗುವುದು. ಭಾನುವಾರ ಬಂದರೆ ಹಲ್ಲುನೋವಿನವರೂ ಇರುತ್ತಿರಲಿಲ್ಲ. ನೀಲಯ್ಯನಿಗೆ ಬಹಳ ಬೇಸರವಾಗುತ್ತಿತ್ತು, ಅಳು ಬಂದ ಹಾಗೆ ಆಗುತ್ತಿತ್ತು.

ಸಂಜೆ ದವಾಖಾನೆಯ ಶಟರ್ ಎಳೆದ ಮೇಲೆ ಹೊರಗೆ ಕತ್ತಲಾಗಿ, ತೊಟ್ಟಿಯ ದೀಪ ಮಾತ್ರ ಉರಿಯುತ್ತಿತ್ತು. ಆಗ ಗಾಜಿನಲ್ಲಿ ಇನ್ನೊಂದು ನೀಲಿ ಮೀನು ಕಾಣಿಸುತ್ತಿತ್ತು. ಅದು ಯಾರೆಂದು ನಿಮಗೆ ಗೊತ್ತು, ನನಗೆ ಗೊತ್ತು. ನೀಲಯ್ಯನಿಗೆ ಗೊತ್ತಿರಲಿಲ್ಲ.

"ಬಂದೆಯಾ ಮಾರಾಯ?" ಎನ್ನುತ್ತಿದ್ದ. ಅದೂ ಬಾಯಿ ತೆರೆಯುತ್ತಿತ್ತು. ಇವನು ಎಡಕ್ಕೆ ಹೋದರೆ ಅದೂ ಬರುತ್ತಿತ್ತು. "ಜೊತೆ ಅಂದರೆ ಹೀಗಿರಬೇಕು," ಎಂದುಕೊಂಡ ನೀಲಯ್ಯ. "ನನ್ನದೇ ಬಣ್ಣ, ನನ್ನದೇ ನಡೆ. ಎದುರು ಮಾತಿಲ್ಲ. ಇವನೊಬ್ಬ ಗಾಜು ದಾಟಿ ಬಂದುಬಿಟ್ಟರೆ ನನಗೆ ಇನ್ನೇನೂ ಬೇಡ."

ನಗಬೇಡಿ. ಜ್ವರ ಬಂದು ಮನೆಯಲ್ಲಿ ಒಬ್ಬರೇ ಮಲಗಿದ್ದಾಗ ನೀವೂ ಗೋಡೆಯ ಜೊತೆ ಮಾತಾಡಿದ್ದೀರಿ.

ಒಂದು ದಿನ ಡಾಕ್ಟರು ಪ್ಲಾಸ್ಟಿಕ್ ಚೀಲವೊಂದನ್ನು ತಂದು ನೀರಿನ ಮೇಲೆ ತೇಲಿಬಿಟ್ಟರು. ಹೊಸ ಮೀನನ್ನು ಸೀದಾ ಸುರಿಯುವಂತಿಲ್ಲ. ಚೀಲದ ನೀರೂ ತೊಟ್ಟಿಯ ನೀರೂ ಒಂದೇ ಬಿಸಿಗೆ ಬರುವ ತನಕ ಹಾಗೆ ತೇಲಬೇಕು. ನೀಲಯ್ಯ ಸರ್ರನೆ ಹೋಗಿ ಇಣುಕಿದ. ಒಳಗೆ ಮರಳಿನ ಬಣ್ಣದ, ಉಬ್ಬುಗಣ್ಣಿನ ಮೀನೊಂದು ಕೂತಿತ್ತು. ಅದರ ಪಕ್ಕದಲ್ಲಿ ಒಂದು ಸಿಗಡಿ.

"ನಾನು ಮರಳಕ್ಕ," ಎಂದಿತು ಮೀನು. "ಇವಳು ಚಿಟಿಕಮ್ಮ. ನಿನ್ನ ಹೆಸರೇನಪ್ಪಾ?"

ನೀಲಯ್ಯ ಮೂಗು ಮುರಿದ. "ನೀಲಿ ಇಲ್ಲವೇ ಇಲ್ಲವಲ್ಲ!" ಎಂದು ತಿರುಗಿಕೊಂಡು ಹೋದ.

ಚೀಲ ಬಿಚ್ಚಿದ ಮೇಲೆ ಅವರಿಬ್ಬರೂ ಬಂಡೆಯ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯ ಮರಳಿನಲ್ಲಿ ಚಿಟಿಕಮ್ಮ ಬಿಲ ತೋಡಿದಳು. ಮರಳಕ್ಕ ಬಾಗಿಲಲ್ಲಿ ಕೂತು ಕಾವಲು ಕಾದಳು. ತಡೆಯಲಾರದೆ ನೀಲಯ್ಯ ಕೇಳಿದ, "ನೀನು ಮೀನು, ಅವಳು ಸಿಗಡಿ. ನಿಮಗೇನು ಸಂಬಂಧ?"

"ಅವಳಿಗೆ ಕಣ್ಣು ಮಂಜು. ನನಗೆ ತೋಡಲು ಬರುವುದಿಲ್ಲ," ಎಂದಳು ಮರಳಕ್ಕ. "ಅವಳು ತೋಡುತ್ತಾಳೆ, ನಾನು ನೋಡುತ್ತೇನೆ. ಅಷ್ಟೇ."

"ಅದೂ ಒಂದು ಸಂಬಂಧವೇ?" ಎಂದು ನೀಲಯ್ಯ ಕಿಸಕ್ಕನೆ ನಕ್ಕ.

ಮರಳಕ್ಕನಿಗೆ ಒಂದು ಅಭ್ಯಾಸ ಇತ್ತು. ಡಾಕ್ಟರು ಊಟ ಉದುರಿಸಿ ಹೋದ ಮೇಲೆ ದಿನಾ ತಲೆಯೆತ್ತಿ ಕೇಳುವಳು, "ನೀಲಯ್ಯಾ, ಊಟ ಆಯ್ತೇನೋ?"

"ಕಣ್ಣು ಕಾಣದವಳು ಅವಳೋ ನೀನೋ? ನಿನ್ನೆದುರಿಗೇ ತಿಂದೆನಲ್ಲ!"

"ತಿಂದದ್ದು ನೋಡಿದೆ. ಆದರೂ ಕೇಳಬೇಕು ಅನಿಸಿತು, ಕೇಳಿದೆ."

ಈ ಮಾತು ಕೇಳಿದರೆ ನೀಲಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಾಜಿನೊಳಗಿನ ಗೆಳೆಯ ಎಂದಾದರೂ ಹೀಗೆ ತಲೆ ತಿಂದದ್ದುಂಟೇ? ಒಂದು ದಿನ ಅವಳು "ಊಟ..." ಎನ್ನುವಷ್ಟರಲ್ಲೇ ಇವನು ಮೇಲಿನಿಂದ ಎರಗಿ ಅವಳ ಬೆನ್ನಿನ ರೆಕ್ಕೆ ಕಚ್ಚಿದ. ಮಾರನೆಯ ದಿನವೂ ಕಚ್ಚಿದ. ಮರಳಕ್ಕ ಬಿಲ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಕಾವಲಿಲ್ಲದೆ ಚಿಟಿಕಮ್ಮನೂ ಒಳಗೇ ಉಳಿದಳು. ಇಬ್ಬರಿಗೂ ಉಪವಾಸ.

ಡಾಕ್ಟರು ಹರಿದ ರೆಕ್ಕೆ ನೋಡಿ ಮರುಗಿದರು. ಮರಳಕ್ಕನನ್ನೂ ಚಿಟಿಕಮ್ಮನನ್ನೂ ಎದುರು ಮೇಜಿನ ಪುಟ್ಟ ತೊಟ್ಟಿಗೆ ಸಾಗಿಸಿದರು. "ಪಾಪ, ಇವನಿಗೆ ಇವನಂಥದ್ದೇ ಜೊತೆ ಬೇಕೇನೋ," ಎಂದುಕೊಂಡರು. ಹಲ್ಲಿನ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೀನಿನ ವಿಷಯದಲ್ಲಿ ಈ ಸಲ ಎಡವಿದರು.

ಮತ್ತೆ ಒಂದು ಚೀಲ ತೇಲಿತು. ನೀಲಯ್ಯ ಹೋಗಿ ನೋಡುತ್ತಾನೆ, ಅಬ್ಬಾ! ಅದೇ ನೀಲಿ, ಅದೇ ಹೆಬ್ಬೆರಳಿನಷ್ಟು ಉದ್ದ. ಗಾಜಿನ ಗೆಳೆಯನೇ ಎದ್ದು ಬಂದಂತಿತ್ತು.

"ನಿನಗೆ ಯಾವ ಊಟ ಇಷ್ಟ?" ಎಂದ ನೀಲಯ್ಯ.

"ಕೊನೆಗೆ ಬೀಳುವ ದೊಡ್ಡ ಚೂರು," ಎಂದ ಹೊಸಬ.

"ನನಗೂ ಅದೇ! ಮಲಗುವುದು ಎಲ್ಲಿ?"

"ಬಂಡೆಯಲ್ಲಿ ತೂತಿದ್ದರೆ ಅದರಲ್ಲಿ."

"ಅಯ್ಯೋ, ನನಗೂ ಅದೇ! ಇಲ್ಲಿ ಒಂದು ತೂತಿದೆ. ಒಂದೇ ಇದೆ. ಇಬ್ಬರಿಗೂ ಅದೇ ಇಷ್ಟ. ಎಂಥ ಹೊಂದಾಣಿಕೆ ನೋಡು ನಮ್ಮದು!"

ಮಂಕೇ, ಮಂಕೇ! ನೀವಾದರೂ ಅವನಿಗೆ ಹೇಳಬಾರದಿತ್ತೇ?

ಚೀಲ ಬಿಚ್ಚಿತು. ಹೊಸಬ ಸೀದಾ ಹೋಗಿ ತೂತಿನಲ್ಲಿ ಕೂತ.

"ಏಯ್, ಅದು ನನ್ನದು!" ಎಂದ ನೀಲಯ್ಯ.

"ನಿನಗೂ ಇಷ್ಟ, ನನಗೂ ಇಷ್ಟ ಅಂದೆಯಲ್ಲ?"

"ಇಷ್ಟ ಅಂದೆ, ಕೊಡುತ್ತೇನೆ ಅಂದೆನಾ? ಏಳು ಮೇಲೆ!"

ಆಮೇಲೆ ನಡೆದದ್ದು ಮಾತಲ್ಲ. ಒಬ್ಬನ ಬಾಲ ಒಬ್ಬನ ಬಾಯಿಯಲ್ಲಿ. ಇವನು ಎಡಕ್ಕೆ ನುಗ್ಗಿದರೆ ಅವನೂ ಎಡಕ್ಕೆ ನುಗ್ಗುತ್ತಿದ್ದ. ಊಟ ಬಿದ್ದರೆ ಇಬ್ಬರಿಗೂ ಬೇಕಾದದ್ದು ಅದೇ ದೊಡ್ಡ ಚೂರು. ಬಲ ಒಂದಿಷ್ಟು ಹೆಚ್ಚು ಇದ್ದದ್ದು ಹೊಸಬನಿಗೆ. ಎರಡನೇ ಸಂಜೆಯ ಹೊತ್ತಿಗೆ ನೀಲಯ್ಯ ಬಾಲ ಹರಿದುಕೊಂಡು, ನೀರು ಕಾಯಿಸುವ ಕೊಳವೆಯ ಹಿಂದೆ ಅಡಗಿ ನಿಂತಿದ್ದ. ಬಂಡೆಯೂ ಹೋಯಿತು, ತೂತೂ ಹೋಯಿತು.

ಡಾಕ್ಟರು ನೋಡಿ ಹಣೆ ಚಚ್ಚಿಕೊಂಡರು. ಗಾಯಗೊಂಡ ನೀಲಯ್ಯನನ್ನು ಪುಟ್ಟ ತೊಟ್ಟಿಗೆ ಹಾಕಿ, ರೆಕ್ಕೆ ಮಾಗಿದ್ದ ಮರಳಕ್ಕನನ್ನೂ ಚಿಟಿಕಮ್ಮನನ್ನೂ ದೊಡ್ಡ ತೊಟ್ಟಿಗೆ ವಾಪಸು ಬಿಟ್ಟರು.

ನೀಲಯ್ಯ ಗಾಜಿಗೆ ಮುಖ ಒತ್ತಿ ಎದುರು ಮೇಜನ್ನೇ ನೋಡಿದ. "ಈಗ ಅವನು ಅವಳನ್ನು ಕಚ್ಚುತ್ತಾನೆ, ನೋಡುತ್ತಿರು," ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಕಚ್ಚಲಿ ಎಂದೇ ಅವನಿಗೆ ಒಳಗೊಳಗೆ ಆಸೆ ಇತ್ತು.

ಊಟ ಬಿತ್ತು. ಮರಳಕ್ಕ ಬಿಲದ ಬಾಗಿಲಿನಿಂದ ಹೆದರುತ್ತಲೇ ತಲೆಯೆತ್ತಿದಳು. "ಏನಪ್ಪಾ, ಊಟ ಆಯ್ತಾ?"

ಹೊಸಬ ತೂತಿನಿಂದ ಹೊರಗೆ ಬಂದ. ಅವಳನ್ನು ನೋಡಿದ, ಅವಳ ಬಿಲವನ್ನು ನೋಡಿದ. "ಆಯ್ತಕ್ಕಾ," ಎಂದ. "ನಿಮ್ಮ ಮನೆ ಕೆಳಗೆ, ನನ್ನದು ಮೇಲೆ. ನಮಗೆ ಜಗಳ ಯಾವುದಕ್ಕೆ? ನಿಮ್ಮದಾಯ್ತಾ?"

ಅಕ್ಕಾ! ಅಷ್ಟು ದಿನ ಒಟ್ಟಿಗಿದ್ದೂ ನೀಲಯ್ಯ ಅವಳನ್ನು ಒಂದು ಸಲವೂ ಹಾಗೆ ಕರೆದಿರಲಿಲ್ಲ. "ನಿಮ್ಮದಾಯ್ತಾ?" ಎಂದು ತಿರುಗಿ ಕೇಳಿರಲೂ ಇಲ್ಲ. ಗಾಜಿನಾಚೆಯ ಮಾತು ಕೇಳಿಸದಿದ್ದರೂ, ಅವರ ಬಾಯಿ ಆಡಿದ ರೀತಿಯಲ್ಲೇ ಅವನಿಗೆ ಎಲ್ಲ ತಿಳಿದಿತ್ತು.

"ಅಕ್ಕಾ!" ಎಂದು ಕೂಗಿದ. "ಮರಳಕ್ಕಾ, ನಾನಿಲ್ಲಿ! ಊಟ ಆಯ್ತಾ ಅಕ್ಕಾ?"

ನಡುವೆ ಎರಡು ಗಾಜು. ಮರಳಕ್ಕನಿಗೆ ಕೇಳಿಸಲಿಲ್ಲ. ಅವಳು ಚಿಟಿಕಮ್ಮನಿಗೆ ದಾರಿ ತೋರಿಸುವುದರಲ್ಲಿದ್ದಳು.

ಸಂಜೆ ಶಟರ್ ಎಳೆದರು. ಹೊರಗೆ ಕತ್ತಲಾಯಿತು. ಪುಟ್ಟ ತೊಟ್ಟಿಯ ಗಾಜಿನಲ್ಲಿ ಹರಿದ ಬಾಲದ ನೀಲಿ ಮೀನೊಂದು ಬಂದು ನಿಂತಿತು.

ನೀಲಯ್ಯ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಊಟ ಆಯ್ತಾ?"

ಅದೂ ಅದೇ ಗಳಿಗೆಗೆ ಬಾಯಿ ತೆರೆದು ಅದನ್ನೇ ಕೇಳಿತು. ಆಯ್ತು ಎನ್ನುವವರು ಯಾರೂ ಇರಲಿಲ್ಲ.

ನೀತಿ: ನಮ್ಮಂತೆಯೇ ಇರುವವರನ್ನು ಹುಡುಕುತ್ತ ಕೂತು, ನಮ್ಮನ್ನು ವಿಚಾರಿಸಿಕೊಳ್ಳುವವರನ್ನು ಓಡಿಸಬಾರದು.